ಉಪ್ಪು ಕಾಣದ ದೋಣಿ

ಏಣಿ ಹತ್ತುವ ಮುಂಚೆ ಮೆಟ್ಟಿಲನ್ನು ಅಂಗೈಯಿಂದ ಒಮ್ಮೆ ಸವರಿ ನೋಡಿ. ಏಪ್ರಿಲ್ ಎರಡನೇ ವಾರ ಬಂದರೂ ಇಲ್ಲಿ ರಾತ್ರಿಯ ತೇವ ಬೆಳಗಾಗುವಷ್ಟರಲ್ಲಿ ಅಲ್ಯುಮಿನಿಯಂ ಮೇಲೆ ಹೆಪ್ಪುಗಟ್ಟಿ ಗಾಜಿನ ಪೊರೆಯ ಹಾಗೆ ಕೂತಿರುತ್ತದೆ. ನಾನು ಆಗಲೇ ಮೇಲಿದ್ದೇನೆ. ಕೈಯಲ್ಲಿರುವ ಚಾಕುವಿನ ಬಾಯಿ ಒಳಕ್ಕೆ ಬಾಗಿದೆ, ಅಡಿಯ ಬಣ್ಣಕ್ಕೆ ಗೀರು ಬೀಳದಿರಲಿ ಎಂದು. ಬಿಳಿ ಪ್ಲಾಸ್ಟಿಕ್ಕಿನ ಅಂಚಿಗೆ ಅದನ್ನು ಸಿಕ್ಕಿಸಿ ಎಳೆದರೆ ಝರ್ರನೆ ಉದ್ದಕ್ಕೂ ಸೀಳುತ್ತದೆ. ಆರು ತಿಂಗಳು ಬಿಗಿದುಕೊಂಡಿದ್ದ ಹೊದಿಕೆ ಎರಡು ಹೋಳಾಗಿ ಅತ್ತಿತ್ತ ಜೋತುಬೀಳುತ್ತದೆ. ಈಗ ಬರುವ ವಾಸನೆ ನೋಡಿ: ಮುಗ್ಗಿದ ಕಾರ್ಪೆಟ್ಟು, ಹಳೆಯ ಪೆಟ್ರೋಲು, ಚಳಿಗಾಲಕ್ಕೆಂದು ಎಂಜಿನ್ನಿಗೆ ಕುಡಿಸಿದ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್, ಸೀಟಿನ ಸಂದಿಯಲ್ಲೆಲ್ಲೋ ಹೋದ ವರ್ಷದ ಪರ್ಚ್ ಮೀನು.

ಇದು ಮಿಶಿಗನ್ ರಾಜ್ಯದ ಹ್ಯಾರಿಸನ್ ಟೌನ್‌ಶಿಪ್. ಡೆಟ್ರಾಯಿಟ್ ನಗರ ಬಿಟ್ಟು ಉತ್ತರಕ್ಕೆ ಬಂದರೆ ಕ್ಲಿಂಟನ್ ನದಿ ಸೇಂಟ್ ಕ್ಲೇರ್ ಸರೋವರಕ್ಕೆ ಸೇರುವ ಜಾಗ. ಏಣಿಯ ಮೇಲಿಂದ ಸುತ್ತ ಕಣ್ಣು ಹಾಯಿಸಿ, ಬಿಳಿ ಮತ್ತು ನೀಲಿ ಪ್ಲಾಸ್ಟಿಕ್ ಸುತ್ತಿಕೊಂಡ ದೋಣಿಗಳು ಸಾಲುಸಾಲಾಗಿ ನಿಂತಿವೆ. ನನ್ನ ಊರು ಗಂಗೊಳ್ಳಿ. ಮಳೆಗಾಲ ಹಿಡಿದಾಗ ಅಲ್ಲಿ ದೋಣಿಗಳನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸುತ್ತಿದ್ದರು. ಇಲ್ಲಿ ಮಳೆಯ ಬದಲು ಹಿಮ, ಮಡಲಿನ ಬದಲು ಗ್ಯಾಸಿನ ಬೆಂಕಿಯಿಂದ ಕುಗ್ಗಿಸಿ ಬಿಗಿದ ಪ್ಲಾಸ್ಟಿಕ್ಕು. ದೋಣಿ ಮಾತ್ರ ಎಲ್ಲಿದ್ದರೂ ವರ್ಷದಲ್ಲಿ ಕೆಲವು ತಿಂಗಳು ನೆಲದ ಮೇಲೆ ಹೀಗೆ ಸುಮ್ಮನೆ ಕಾಯುತ್ತದೆ.

ಇದರ ಉದ್ದ 24 ಅಡಿ, ಅಗಲ 8 ಅಡಿ 6 ಇಂಚು. ಈ ಅಗಲಕ್ಕೆ ಅರ್ಥವಿದೆ. ಇದಕ್ಕಿಂತ ಹೆಚ್ಚಾದರೆ ಹೆದ್ದಾರಿಯಲ್ಲಿ ಎಳೆದೊಯ್ಯಲು ಬೇರೆ ಪರವಾನಗಿ ಬೇಕು. ಮುಂಭಾಗದಲ್ಲಿ ಇಬ್ಬರು ಬಾಗಿ ನುಗ್ಗಿ ಮಲಗುವಷ್ಟು ಒಂದು ಗೂಡು, ಹಿಂದೆ ಮುಚ್ಚಳದ ಕೆಳಗೆ ವಿ-8 ಎಂಜಿನ್. ಹಿಂಬದಿಯ ಗೋಡೆಗೆ ಇಲ್ಲಿ ಟ್ರಾನ್ಸಮ್ ಅನ್ನುತ್ತಾರೆ. ಅದರ ಬಲಗಡೆಯ ಮೇಲ್ಮೂಲೆಯಲ್ಲಿ ಬೆರಳಾಡಿಸಿದರೆ 12 ಅಕ್ಷರ, ಅಂಕಿಗಳ ಸಾಲು ತಗಲುತ್ತದೆ. ಅಮೆರಿಕದಲ್ಲಿ 1972ರ ನವೆಂಬರಿನಿಂದ ಈಚೆಗೆ ತಯಾರಾದ ಪ್ರತಿ ದೋಣಿಗೂ ಇದು ಜಾತಕ. ಮೊದಲ ಮೂರು ಅಕ್ಷರ ಕಟ್ಟಿದವರ ಗುರುತು, ಕೊನೆಯ ನಾಲ್ಕರಲ್ಲಿ ಹುಟ್ಟು ಇದೆ. ನನ್ನದರಲ್ಲಿ ‘ಜಿ’, ಅಂದರೆ ಜುಲೈ. ಮುಂದಿನ ಸೊನ್ನೆ ಎಂದರೆ 2000. ಆಮೇಲಿನ 01 ಎಂದರೆ ಮಾಡೆಲ್ ವರ್ಷ 2001. ಜಾತಕದ ಪಕ್ಕದಲ್ಲಿ, ನೀಲಿ ಪಟ್ಟಿಯ ಮೇಲೆ, ಕನ್ನಡದಲ್ಲಿ ‘ಸೌಪರ್ಣಿಕಾ’ ಎಂದಿದೆ. ಆ ಅಕ್ಷರಗಳನ್ನು ಕತ್ತರಿಸಿ ಅಂಟಿಸಿದವಳು ನನ್ನ ಮಗಳು, ಒಂಬತ್ತನೇ ವಯಸ್ಸಿನಲ್ಲಿ. ಈಗ ಅವಳು ಸಿಯಾಟಲ್‌ನಲ್ಲಿದ್ದಾಳೆ. ನನ್ನ ಎಡ ಮೊಣಕಾಲು ಎರಡು ಸಲ ಆಪರೇಷನ್ ಕಂಡಿದೆ. ದೋಣಿಯಿಂದ ಕಟ್ಟೆಗೆ ಹಾರುವ ಒಂದೂವರೆ ಅಡಿ ನನಗೀಗ ಹೊಳೆ ದಾಟಿದ ಹಾಗೆ. ಮಾರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ದೋಣಿಯನ್ನು ಹಿಂದೆ ಕಟ್ಟಿಕೊಂಡು ಜೀಪು ಹೊರಡುತ್ತದೆ, ನೀವು ಪಕ್ಕದ ಸೀಟಿನಲ್ಲಿ ಕೂತುಕೊಳ್ಳಿ. ನಿಮ್ಮ ಮುಂದೆ ಕಪ್ ಇಡುವ ಗುಂಡಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆಯ ಬಿರಡೆ ಇದೆಯಲ್ಲ, ಅದು ದೋಣಿಯ ತಳದ ತೂತಿಗೆ ಹಾಕುವಂಥದ್ದು. ನೆಲದ ಮೇಲೆ ಸಾಗಿಸುವಾಗ ಅದನ್ನು ಬಿಚ್ಚಿಡಬೇಕು, ಈ ರಾಜ್ಯದಲ್ಲಿ ಅದು ಕಾನೂನು. ಜೀಬ್ರಾ ಮಸಲ್ ಎಂಬ ಉಗುರಿನಷ್ಟು ಪಟ್ಟೆ ಚಿಪ್ಪು 1988ರಲ್ಲಿ ಈ ಸೇಂಟ್ ಕ್ಲೇರ್ ಸರೋವರದಲ್ಲೇ ಮೊದಲು ಕಣ್ಣಿಗೆ ಬಿತ್ತು. ಪರದೇಶದ ಹಡಗುಗಳು ಹೊಟ್ಟೆಯಲ್ಲಿ ತುಂಬಿಕೊಂಡು ಬಂದ ನೀರಿನ ಜೊತೆ ಬಂದದ್ದು. ಅಲ್ಲಿಂದ ಅಮೆರಿಕದ ಎಷ್ಟೋ ಕೆರೆ, ನದಿಗಳಿಗೆ ಅದು ದೋಣಿಗಳ ತಳದಲ್ಲಿ ಉಳಿದ ನೀರಿನಲ್ಲೂ ಹರಡಿತು. ಅದಕ್ಕೇ ಈಗ ನೀರಿನಿಂದ ಎತ್ತಿದ ದೋಣಿಯನ್ನು ಬರಿದು ಮಾಡಿಯೇ ರಸ್ತೆಗಿಳಿಸಬೇಕು.

ಮಾರುವುದಕ್ಕೆ ಮೂರು ದಾರಿಗಳಿದ್ದವು. ಒಂದು, ಮನೆಯ ಮುಂದೆ ಬೋರ್ಡು ಹಾಕುವುದು. ಹಿಂದಿನ ಬೇಸಿಗೆಯಲ್ಲಿ ಅದನ್ನು ಮಾಡಿ ನೋಡಿದೆ. ಭಾನುವಾರ ಊಟಕ್ಕೆ ಕೂತಾಗ ಬಾಗಿಲು ತಟ್ಟುವವರು, ಏನನ್ನೂ ನೋಡದೆ ಕೊನೆಯ ಬೆಲೆ ಕೇಳುವವರು, ನೀರಿನಲ್ಲಿ ಓಡಿಸಿ ತೋರಿಸು ಎಂದು ಇಡೀ ಸಂಜೆ ವಿಹಾರ ಮಾಡಿ ಹೋದವರು. ಎರಡನೆಯದು, ವ್ಯಾಪಾರಿಗೇ ಮಾರಿಬಿಡುವುದು. ಅವನು ತನ್ನ ಹಣ ಹಾಕಿ ಕೊಳ್ಳುವುದರಿಂದ ಬೆಲೆ ಬಹಳ ಇಳಿಯುತ್ತದೆ. ಮೂರನೆಯದು ಕನ್‌ಸೈನ್‌ಮೆಂಟ್. ದೋಣಿ ಅವರ ಅಂಗಳದಲ್ಲಿ ನಿಲ್ಲುತ್ತದೆ, ಗಿರಾಕಿಗೆ ತೋರಿಸುವುದು, ಚೌಕಾಸಿ, ಕಾಗದಪತ್ರ ಎಲ್ಲ ಅವರದ್ದು. ಮಾರಾಟವಾದರೆ ಅವರಿಗೆ ಕಮಿಷನ್. ಅಲ್ಲಿಯವರೆಗೆ ಒಡೆತನ ನನ್ನದೇ. ಊರಿನಲ್ಲಿ ಅಣ್ಣನಿಗೆ ಇದನ್ನು ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಗದ್ದೆಯನ್ನು ಗೇಣಿಗೆ ಕೊಟ್ಟ ಹಾಗಾ, ದನವನ್ನು ಸಂತೆಗೆ ಕಳಿಸಿದ ಹಾಗಾ ಎಂದು ಕೇಳುತ್ತ ಹೋದ. ಎರಡೂ ಅಲ್ಲ. ಕೊಟ್ಟಾಗಿದೆ, ಆದರೂ ಕೊಟ್ಟಿಲ್ಲ. ಈ ನಡುವಿನ ಸ್ಥಿತಿಯಲ್ಲಿ ನಾಲ್ಕು ತಿಂಗಳು ಇರುವುದು ಹೇಗಿರುತ್ತದೆಂದು ಆಗ ನನಗೂ ಗೊತ್ತಿರಲಿಲ್ಲ.

ಜೆಫರ್ಸನ್ ಅವೆನ್ಯೂದಲ್ಲಿ ಹೋಗುವಾಗ ನೆತ್ತಿಯ ಮೇಲೆ ಆಕಾಶ ಸೀಳಿದ ಸದ್ದು. ಹೆದರಬೇಡಿ, ಪಕ್ಕದಲ್ಲೇ ಸೆಲ್‌ಫ್ರಿಡ್ಜ್ ವಾಯುನೆಲೆ ಇದೆ. ವಿಮಾನ ಮರೆಯಾಗುವ ಹೊತ್ತಿಗೆ ನಾವು ವ್ಯಾಪಾರಿಯ ಅಂಗಳದೊಳಗಿದ್ದೇವೆ.

ಅಂಗಳದ ಒಡತಿ ಐವತ್ತು ದಾಟಿದ ಹೆಂಗಸು. ಜಾಕೆಟ್ಟಿನ ಜೇಬಿನಲ್ಲಿ ಟಾರ್ಚು, ಕೈಯಲ್ಲಿ ಪ್ಲಾಸ್ಟಿಕ್ ತಲೆಯ ಪುಟ್ಟ ಸುತ್ತಿಗೆ. ನಮಸ್ಕಾರ, ಹವೆಯ ಮಾತು ಮುಗಿಯುವುದಕ್ಕೆ ಮೊದಲೇ ಆಕೆಯ ಕಣ್ಣು ದೋಣಿಯ ಮೇಲೆ ಓಡಾಡುತ್ತಿದೆ. ಬನ್ನಿ, ಹಿಂದೆಯೇ ಹೋಗೋಣ. ಮೂತಿಯಿಂದ ಶುರುಮಾಡಿ ತಳದುದ್ದಕ್ಕೂ ಗೇಣುಗೇಣಿಗೆ ಬಡಿಯುತ್ತ ಬರುತ್ತಾಳೆ. ಟಕ್, ಟಕ್, ಟಕ್. ಒಣಗಿದ ಗಟ್ಟಿ ಫೈಬರಿನ ಸದ್ದು ಅದು. ನನಗೆ ಅಪ್ಪಯ್ಯ ನೆನಪಾಗುತ್ತಾರೆ. ಅವರು ಹೆಬ್ಬಲಸಿನ ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ಹೀಗೇ ಕುಟ್ಟುತ್ತ, ತಲೆ ಓರೆ ಮಾಡಿ ಕೇಳುತ್ತ ಹೋಗುತ್ತಿದ್ದರು. ಎಲ್ಲಿ ಸದ್ದು ಬದಲಾಯಿತೋ ಅಲ್ಲಿ ಇದ್ದಿಲಿನಿಂದ ಗುರುತು ಹಾಕುತ್ತಿದ್ದರು. ಆಮೇಲೆ ಆ ಹಲಗೆಯನ್ನು ಬಿಚ್ಚಿಸಿ, ಹೊಸದು ಹಾಕಿಸಿ, ಮೀನೆಣ್ಣೆ ಬಳಿಯುವುದು.

ಆಕೆ ಎಂಜಿನ್ನಿನ ಮುಚ್ಚಳ ಎತ್ತುತ್ತಾಳೆ. ಟಾರ್ಚಿನ ಬೆಳಕು ಹೊಗೆ ಹೋಗುವ ಎರಕದ ಕೊಳವೆಗಳ ಮೇಲೆ ನಿಲ್ಲುತ್ತದೆ.

“ಇವು ಮೊದಲಿನವೇ?”

“ಹೌದು, 2001ರವು.”

ಆಕೆಯ ಹುಬ್ಬು ಏರುತ್ತದೆ, ಮೆಚ್ಚಿಗೆಯಿಂದ. ಸಮುದ್ರದ ನೀರು ಕುಡಿಯುವ ಎಂಜಿನ್ನಿನಲ್ಲಿ ಈ ಕೊಳವೆಗಳು ಐದಾರು ವರ್ಷಕ್ಕೆ ಒಳಗಿನಿಂದ ತಿಂದುಹೋಗುತ್ತವೆ. ಒಂದು ದಿನ ನೀರು ಸಿಲಿಂಡರಿಗೆ ಇಳಿದರೆ ಎಂಜಿನ್ನಿನ ಕಥೆ ಮುಗಿಯಿತು. ಇಲ್ಲಿಯದು ಸಿಹಿನೀರು. ಹ್ಯೂರನ್ ಸರೋವರದಿಂದ ಸೇಂಟ್ ಕ್ಲೇರ್ ನದಿಯಾಗಿ ಇಳಿದು, ಈ ಸರೋವರದಲ್ಲಿ ಹರಡಿಕೊಂಡು, ಡೆಟ್ರಾಯಿಟ್ ನದಿಯಾಗಿ ಈರಿ ಸರೋವರಕ್ಕೆ ಹೋಗುವ ನೀರು. ನನ್ನ ಸೌಪರ್ಣಿಕಾ ಹುಟ್ಟಿದಂದಿನಿಂದ ಒಂದು ಹನಿ ಉಪ್ಪು ಮುಟ್ಟಿಲ್ಲ. ಜಾಹೀರಾತಿನ ಮೊದಲ ಸಾಲೇ ಅದಾಗಬೇಕು ಎನ್ನುತ್ತಾಳೆ ಆಕೆ: ಸಿಹಿನೀರಿನಲ್ಲಷ್ಟೇ ಓಡಿದ ದೋಣಿ. ಈ ಮಾತನ್ನು ಅಣ್ಣನಿಗೆ ಹೇಳಿದಾಗ ಅವನು ಹೌಹಾರಿದ್ದ. “ಉಪ್ಪ್ ನೀರ್ ಕಾಣ್ದಿದ್ ಬೋಟಾ? ಅದ್ ಎಂತ ಬೋಟ್ ಮಾರಾಯಾ!”

ಸುತ್ತಿಗೆ ಈಗ ಹಿಂಬದಿಗೆ ಬಂದಿದೆ. ನೀವು ನನ್ನ ಮುಖ ನೋಡಬೇಡಿ, ಸದ್ದು ಕೇಳಿ. ಟಕ್. ಟಕ್. ಟಕ್. ಬಲಬದಿಯ ಕೆಳಮೂಲೆಗೆ ಇನ್ನೊಂದು ಗೇಣು ಇದೆ. ಅಲ್ಲಿ ಏನಿದೆ ಎಂದು ನನಗೆ ಗೊತ್ತು. ಹನ್ನೊಂದು ವರ್ಷದ ಹಿಂದೆ, ಮೀನು ತೋರಿಸುವ ಯಂತ್ರದ ಬಿಲ್ಲೆಯನ್ನು ಕೂರಿಸಲು ಅಲ್ಲಿ ನಾನೇ ನಾಲ್ಕು ತೂತು ಕೊರೆದೆ. ಟ್ರಾನ್ಸಮ್ಮಿನ ಹೊರಗೆ ಒಳಗೆ ಫೈಬರು, ನಡುವೆ ಪ್ಲೈವುಡ್ಡು. ಕೊರೆದ ತೂತಿನ ಅಂಚಿಗೆ ಸರಿಯಾದ ಸೀಲೆಂಟ್ ತುಂಬಿಯೇ ಸ್ಕ್ರೂ ತಿರುಗಿಸಬೇಕು. ಅವತ್ತು ಕತ್ತಲಾಗುತ್ತಿತ್ತು, ಮಾರನೇ ದಿನ ಮಗಳನ್ನು ಪರ್ಚ್ ಹಿಡಿಯಲು ಕರೆದೊಯ್ಯುವ ಮಾತು ಕೊಟ್ಟಿದ್ದೆ. ಎರಡು ತೂತಿಗೆ ತುಂಬಿದೆ, ಟ್ಯೂಬು ಮುಗಿಯಿತು, ಉಳಿದೆರಡಕ್ಕೆ ನಾಳೆ ಮಾಡಿದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ. ಮೂರು ವರ್ಷದ ಹಿಂದೆ ಒಂದು ಸ್ಕ್ರೂ ಬಿಚ್ಚಿದಾಗ ತುದಿಗೆ ಕಂದು ಬಣ್ಣದ ಒದ್ದೆ ಪುಡಿ ಅಂಟಿಕೊಂಡು ಬಂದಿತ್ತು.

ಸುತ್ತಿಗೆ ಎತ್ತಿದ ಕೈ ಕೆಳಗಿಳಿಯುವ ಮುಂಚೆ ನಾನೇ ಹೇಳುತ್ತೇನೆ: “ಅಲ್ಲಿ ತೇವ ಹಿಡಿದಿದೆ. ತೂತು ಕೊರೆದವನು ನಾನು.”

ಆಕೆ ಬಡಿಯುತ್ತಾಳೆ. ಡಬ್. ಹಣ್ಣಾದ ಹಲಸಿನ ಮೇಲೆ ತಟ್ಟಿದ ಹಾಗಿನ ಸದ್ದು. ತೇವ ಅಳೆಯುವ ಯಂತ್ರವನ್ನು ಅಂಟಿಸಿದರೆ ಮುಳ್ಳು ಬಲಕ್ಕೆ ವಾಲುತ್ತದೆ. ಸುತ್ತ ಅಂಗುಲ ಅಂಗುಲ ಸರಿಸಿ ನೋಡುತ್ತಾಳೆ. ಒಂದು ಊಟದ ತಟ್ಟೆಯಷ್ಟು ಅಗಲದ ಆಚೆ ಮುಳ್ಳು ಮತ್ತೆ ಎಡಕ್ಕೆ ಬರುತ್ತದೆ. ಮೇಣದ ಪೆನ್ಸಿಲಿನಿಂದ ಸುತ್ತ ಒಂದು ಗೆರೆ ಎಳೆದು, ಅಳತೆಪಟ್ಟಿ ಇಟ್ಟು ಫೋಟೋ ತೆಗೆಯುತ್ತಾಳೆ.

“ಇದನ್ನು ಬರೆಯೋಣ,” ಎನ್ನುತ್ತಾಳೆ. “ಬರೆದರೆ ಬೆಲೆ ಸ್ವಲ್ಪ ಇಳಿಯುತ್ತದೆ. ಬರೆಯದಿದ್ದರೆ ಕೊಳ್ಳುವವರ ಸರ್ವೇಯರ್ ಇದನ್ನು ಹೇಗೂ ಹಿಡಿಯುತ್ತಾನೆ. ಆಗ ಗಿರಾಕಿ ಇಡೀ ದೋಣಿಯನ್ನೇ ನಂಬುವುದಿಲ್ಲ.”

ಒಳಗೆ ಬನ್ನಿ, ಹೀಟರ್ ಹಾಕಿದ್ದಾರೆ. ಮೇಜಿನ ಮೇಲೆ ನಾಲ್ಕು ಪುಟದ ಕರಾರು. ಇಲ್ಲಿ ಅವಸರ ಬೇಡ, ನಾನು ಸಾಲುಸಾಲು ಬೆರಳಿಟ್ಟು ಓದುತ್ತೇನೆ, ನೀವೂ ಓದಿ. ಅವಧಿ 120 ದಿನ. ಆ ಅವಧಿಯಲ್ಲಿ ಬೇರೆ ಯಾರ ಮೂಲಕವೂ ಮಾರುವಂತಿಲ್ಲ. ಕಮಿಷನ್ ಮಾರಿದ ಬೆಲೆಯ ಶೇ. 10. ತೊಳೆದು ಪಾಲಿಶ್ ಮಾಡುವ ಖರ್ಚು, ಹೊಸ ಬ್ಯಾಟರಿ ನನ್ನದು, ಆದರೆ 500 ಡಾಲರ್ ದಾಟಿದರೆ ನನ್ನನ್ನು ಕೇಳಿಯೇ ಮಾಡಬೇಕು. ಅಂಗಳದಲ್ಲಿ ಕಳುವಾದರೆ, ಗಿರಾಕಿಗೆ ಓಡಿಸಿ ತೋರಿಸುವಾಗ ಡಿಕ್ಕಿಯಾದರೆ ಯಾರ ವಿಮೆ? ಅವರದ್ದೂ ಇದೆ, ನನ್ನದನ್ನೂ ನಿಲ್ಲಿಸಬೇಡಿ ಎನ್ನುತ್ತಾಳೆ. ಅವರ ವಿಮೆಯ ಪ್ರತಿ ಕೇಳಿ ತೆಗೆದುಕೊಳ್ಳುತ್ತೇನೆ. ಕೇಳುವ ಬೆಲೆಯನ್ನು 17,900 ಡಾಲರ್ ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದೆ. ತಟ್ಟೆಯಷ್ಟು ತೇವ ಅದನ್ನು 16,500ಕ್ಕೆ ತಂದಿತು. ಎಲ್ಲ ಕಳೆದು ನನ್ನ ಕೈಗೆ ಬರಬೇಕಾದ ಕನಿಷ್ಠ ಮೊತ್ತ 12,500. ಅದಕ್ಕಿಂತ ಕೆಳಗಿಳಿದರೆ ನನ್ನ ಒಪ್ಪಿಗೆ ಬೇಕು.

ಪೆನ್ನು ಕೈಗೆ ಬರುತ್ತದೆ. ನಾನಿನ್ನೂ ಸಹಿ ಹಾಕುವುದಿಲ್ಲ. ನನ್ನ ಗೆಳೆಯನೊಬ್ಬ ಕೆಲವು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ಹೀಗೆ ದೋಣಿ ಬಿಟ್ಟಿದ್ದ. ದೋಣಿ ಮಾರಾಟವಾಯಿತು, ಬಂದ ಹಣದಲ್ಲಿ ವ್ಯಾಪಾರಿ ತನ್ನ ಸಾಲ ತೀರಿಸಿಕೊಂಡ, ಎರಡು ತಿಂಗಳಲ್ಲಿ ಅಂಗಡಿಗೆ ಬೀಗ ಬಿತ್ತು. ದೋಣಿ ನನ್ನದು ಎಂದು ಗೆಳೆಯ ಕೂಗಿ ಹೇಳಿದರೂ ಅದು ಹಿಂದಿರುಗಲಿಲ್ಲ. ಇದರ ಹಿಂದೆ ಕಾನೂನೇ ಇದೆ, ಕನ್‌ಸೈನ್‌ಮೆಂಟಿಗೆ ಕೊಡುವವರೆಲ್ಲ ತಿಳಿದಿರಬೇಕಾದದ್ದು. ಯುನಿಫಾರ್ಮ್ ಕಮರ್ಷಿಯಲ್ ಕೋಡ್ ಎಂಬ ವ್ಯಾಪಾರ ಸಂಹಿತೆಯ 2-403ನೇ ಕಲಮು ಹೇಳುವುದಿಷ್ಟು: ಒಂದು ವಸ್ತುವನ್ನು ಅದೇ ಬಗೆಯ ವಸ್ತುವಿನ ವ್ಯಾಪಾರ ಮಾಡುವವನ ವಶಕ್ಕೆ ಒಪ್ಪಿಸಿದರೆ, ಅದನ್ನು ಗಿರಾಕಿಗೆ ಮಾರಿ ಒಡೆತನ ದಾಟಿಸುವ ಶಕ್ತಿಯನ್ನೂ ಅವನಿಗೆ ಕೊಟ್ಟಂತೆ. ಗಿರಾಕಿ ಪ್ರಾಮಾಣಿಕನಾಗಿದ್ದು, ಎಲ್ಲರೂ ಕೊಳ್ಳುವ ಹಾಗೆ ಕೊಂಡಿದ್ದರೆ ವಸ್ತು ಅವನದು. ನಿಮ್ಮ ಜಗಳ ಏನಿದ್ದರೂ ವ್ಯಾಪಾರಿಯ ಜೊತೆ. ಆ ವ್ಯಾಪಾರಿಯೇ ಮುಳುಗಿದ್ದರೆ ಜಗಳಕ್ಕೂ ಯಾರೂ ಇಲ್ಲ.

ಹಾಗಾಗಿ ಎರಡು ಸಾಲು ಸೇರಿಸಬೇಕೆಂದು ಕೇಳುತ್ತೇನೆ. ಗಿರಾಕಿಯ ಹಣ ಅಂಗಡಿಯ ಖರ್ಚಿನ ಖಾತೆಗೆ ಹೋಗದೆ ಪ್ರತ್ಯೇಕ ಟ್ರಸ್ಟ್ ಖಾತೆಯಲ್ಲಿ ಇರಬೇಕು. ಮಾರಾಟ ಮುಗಿದ ಐದು ಕೆಲಸದ ದಿನದೊಳಗೆ ನನ್ನ ಪಾಲು ನನಗೆ ಸೇರಬೇಕು. ಜೊತೆಗೆ, ಟೈಟಲ್ ಪತ್ರಕ್ಕೆ ಈಗಲೇ ಸಹಿ ಹಾಕಿ ಕೊಡುವುದಿಲ್ಲ ಎನ್ನುತ್ತೇನೆ. ಮಿಶಿಗನ್‌ನಲ್ಲಿ 20 ಅಡಿಯ ಮತ್ತು ಅದಕ್ಕಿಂತ ಉದ್ದದ ದೋಣಿಗೆ ಕಾರಿನ ಹಾಗೆಯೇ ಟೈಟಲ್ ಇರುತ್ತದೆ, ಕೊಡುವುದು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಖಾಲಿ ಬಿಟ್ಟು ಸಹಿ ಹಾಕಿದ ಟೈಟಲ್ ಎಂದರೆ ಬೀಗದ ಕೈಗೊಂಚಲನ್ನೇ ಬೀದಿಯಲ್ಲಿಟ್ಟಂತೆ. ಇಷ್ಟು ಕೇಳುವಾಗ ನನಗೆ ಒಳಗೆ ಅಳುಕು, ಎದುರಿಗೆ ಕೂತವರನ್ನು ಕಳ್ಳರೆಂದು ಅನುಮಾನಿಸಿದ ಹಾಗಾಗುತ್ತದಲ್ಲ ಎಂದು. ಆಕೆ ಕಣ್ಣು ಕೂಡ ಮಿಟುಕಿಸದೆ ಎರಡು ಸಾಲನ್ನೂ ಕೈಬರಹದಲ್ಲಿ ಸೇರಿಸಿ, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿ, ಕಾಗದವನ್ನು ನನ್ನ ಕಡೆ ತಿರುಗಿಸುತ್ತಾಳೆ. ಆಗ ಸಹಿ ಹಾಕುತ್ತೇನೆ.

ಹಿತ್ತಾಳೆಯ ಬಿರಡೆಯನ್ನೂ ಕೀಲಿಕೈಯನ್ನೂ ಮೇಜಿನ ಮೇಲಿಟ್ಟು ಹೊರಗೆ ಬಂದರೆ ಜೀಪು ಹಗುರಾಗಿದೆ. ಕನ್ನಡಿಯಲ್ಲಿ ಹಿಂದೆ ಬರೀ ರಸ್ತೆ.

ಮೇ ತಿಂಗಳು ಹೀಗೇ ಹೋಯಿತು. ವಾರಕ್ಕೊಂದು ಫೋನು: ಇಬ್ಬರು ನೋಡಿದರು, ಒಬ್ಬ ತೇವದ ವಿಷಯ ಓದಿ ಹಿಂದೆ ಸರಿದ. ನಾನು ಪ್ರತಿ ಶನಿವಾರ ಆ ರಸ್ತೆಯಲ್ಲಿ ಏನೋ ಒಂದು ನೆಪ ಹುಡುಕಿಕೊಂಡು ಹೋಗಿ ಬೇಲಿಯಾಚೆಯಿಂದ ನೋಡಿ ಬರುತ್ತಿದ್ದೆ. ಮೈಗೆ ಹೊಳಪು ಬಂದಿತ್ತು, ಗಾಜಿನ ಮೇಲೆ ಬೆಲೆಯ ಚೀಟಿ. ಒಮ್ಮೆ ಮಳೆ ಬಂದಾಗ ಹಿಂಬದಿಯ ಕವರಿನಲ್ಲಿ ನೀರು ನಿಂತು ಹೊಟ್ಟೆ ಬಿಟ್ಟಿದ್ದು ಕಂಡಿತು. ಒಳಗೆ ಹೋಗಿ ಸರಿಮಾಡಲೇ ಎಂದು ಕಾಲು ಮುಂದಾಯಿತು. ನನ್ನದೇ ದೋಣಿ, ಆದರೂ ಅದನ್ನು ಮುಟ್ಟಲು ನಾನು ಅಂಗಡಿಯವರನ್ನು ಕೇಳಬೇಕು. ಬಾಗಿಲಿಗೆ ಹೋಗಿ ಹೇಳಿದೆ, ಹುಡುಗನೊಬ್ಬ ಓಡಿಬಂದು ನೀರು ಚೆಲ್ಲಿದ.

ಜೂನ್ ಕೊನೆಯ ಈ ಸಂಜೆ ನಿಮ್ಮನ್ನು ಮತ್ತೆ ಅಲ್ಲಿಗೆ ಕರೆದುಕೊಂಡು ಹೋಗಬೇಕು. ಕಾರಿಂದ ಇಳಿಯುವಾಗ ಕಾಲ ಕೆಳಗೆ ಚುರುಚುರು ಸದ್ದಾದರೆ ಅಂಜಬೇಡಿ, ಇವು ಫಿಶ್‌ಫ್ಲೈ ಹುಳಗಳು. ವರ್ಷವಿಡೀ ಸರೋವರದ ಕೆಸರಿನಲ್ಲಿ ಹುದುಗಿದ್ದು, ಬೇಸಿಗೆಯ ಕೆಲವೇ ರಾತ್ರಿ ರೆಕ್ಕೆ ಮೂಡಿಸಿಕೊಂಡು ಮೇಲೆದ್ದು, ದೀಪದ ಕಂಬಗಳ ಕೆಳಗೆ ರಾಶಿ ರಾಶಿ ಬಿದ್ದು ಸಾಯುತ್ತವೆ. ಗೋಡೆ, ಕಿಟಕಿ, ದೋಣಿಯ ಮೈ ಎಲ್ಲ ಅವುಗಳದ್ದೇ. ಗಾಳಿಯಲ್ಲಿ ಮೀನು ಒಣಗಿಸಿದ ವಾಸನೆ. ಇಲ್ಲಿಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗದು ಗಂಗೊಳ್ಳಿಯ ದಕ್ಕೆಯಿಂದ ಯಾರೋ ಬಂದು ಪಕ್ಕದಲ್ಲಿ ನಿಂತ ಹಾಗೆ. ಆ ಹುಳಗಳ ನಡುವೆ, ಅಂಗೈಯಿಂದ ಟ್ರಾನ್ಸಮ್ಮನ್ನು ಒರೆಸುತ್ತ, ಕನ್ನಡದ ಅಕ್ಷರಗಳ ಮುಂದೆ ಬಾಗಿ ನಿಂತ ಒಬ್ಬ ಹಿರಿಯ ಇದ್ದಾನೆ. ಹೆಂಡತಿ ಸೀಟಿನ ಮೇಲೆ ಕೂತು ಕೂತು ನೋಡುತ್ತಿದ್ದಾಳೆ. ಫ್ಲೋರಿಡಾದ ಟ್ಯಾಂಪಾ ಕಡೆಯವರು, ಮಗಳ ಮನೆಗೆ ಬಂದಿದ್ದಾರೆ.

“ಇದು ಉಪ್ಪು ನೀರು ನೋಡಿಲ್ಲ ಎಂದು ಬರೆದಿದ್ದೀರಿ. ನಿಜವೇ?” ನನ್ನನ್ನು ಮಾಲೀಕನೆಂದು ಪರಿಚಯಿಸಿದ ಕೂಡಲೇ ಆತ ಕೇಳಿದ್ದು ಅದನ್ನೇ.

“ನಿಜ.”

“ಹಿಂದೆ ತೇವ ಇದೆ ಎಂದೂ ಬರೆದಿದ್ದೀರಿ.”

“ಅದೂ ನಿಜ.”

ಆತ ತಲೆಯಾಡಿಸಿದ. ಅವರ ಕಡೆ ಸಿಗುವ ಹಳೆಯ ದೋಣಿಗಳ ಎಂಜಿನ್ನು, ತಂತಿ, ಬೋಲ್ಟು ಎಲ್ಲವನ್ನೂ ಸಮುದ್ರ ತಿಂದಿರುತ್ತದೆ. ಉತ್ತರದ ಸರೋವರಗಳಿಂದ ಕೊಂಡೊಯ್ದರೆ ಆಯುಸ್ಸು ಉಳಿದಿರುತ್ತದೆ ಎಂದು ಲೆಕ್ಕ ಹಾಕಿ ಬಂದವನು. 14,000 ಎಂದ. ನಾನು ಮಾತಾಡಲಿಲ್ಲ, ಮಾತಾಡಬೇಕಾದವಳು ಅಂಗಳದ ಒಡತಿ. ಅವಳು ಆತನನ್ನು ಒಳಗೆ ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷದ ಮೇಲೆ ಹೊರಗೆ ಬಂದಳು. 15,000. ಸರ್ವೇ ಮತ್ತು ನೀರಿನ ಓಟ ಸರಿಬಂದರೆ ಎಂಬ ಷರತ್ತು. ಮುಂಗಡ 1,500, ಟ್ರಸ್ಟ್ ಖಾತೆಗೆ.

ಸರ್ವೇಯ ಬೆಳಗ್ಗೆ ನಾವು ದೂರ ನಿಲ್ಲಬೇಕು. ಸರ್ವೇಯರನ ಸಂಬಳ ಕೊಳ್ಳುವವನದು, ಅವನ ನಿಷ್ಠೆಯೂ ಅತ್ತಲೇ. ಗಟ್ಟಿ ಮೈಕಟ್ಟಿನ ಮೌನಿ. ಮತ್ತೆ ಅದೇ ಟಕ್ ಟಕ್. ಎಂಜಿನ್ನಿನ ಎಣ್ಣೆಯನ್ನು ಪುಟ್ಟ ಶೀಷೆಗೆ ಎಳೆದುಕೊಂಡ, ಪ್ರಯೋಗಾಲಯಕ್ಕೆ ಕಳಿಸಲು. ಎಂಟು ಸಿಲಿಂಡರುಗಳ ಒತ್ತಡ ಒಂದೊಂದಾಗಿ ಅಳೆದು ಬರೆದುಕೊಂಡ. ಪ್ರೊಪೆಲ್ಲರ್ ಕಾಲಿನ ರಬ್ಬರಿನ ಮಡಿಕೆಗಳಲ್ಲಿ ಬೆರಳು ತೂರಿಸಿ ಬಿರುಕು ಹುಡುಕಿದ. ಅದೊಂದು ಹರಿದರೆ ನಿಂತಲ್ಲೇ ದೋಣಿ ಮುಳುಗುತ್ತದೆ. ಕೊನೆಗೆ ಬಲಬದಿಯ ಕೆಳಮೂಲೆ. ಡಬ್. ಯಂತ್ರ ಅಂಟಿಸಿ, ಅಂಗುಲ ಅಂಗುಲ ಸರಿಸಿ, ತನ್ನ ಪೆನ್ಸಿಲಿನಿಂದ ಗೆರೆ ಎಳೆದ. ಆಮೇಲೆ ಅಂಗಡಿಯವರ ಏಪ್ರಿಲ್ ತಿಂಗಳ ಫೋಟೋ ತರಿಸಿ ಪಕ್ಕದಲ್ಲಿ ಹಿಡಿದ. ಎರಡೂ ಗೆರೆಗಳು ಹೆಚ್ಚುಕಡಿಮೆ ಒಂದೇ. ನಾವು ನಿಂತ ಕಡೆಯಿಂದ ಅವನ ಮುಖ ಕಾಣುತ್ತಿತ್ತು. ಗಿರಾಕಿಯ ಕಡೆ ತಿರುಗಿ ಏನೋ ಹೇಳಿದ, ಗಿರಾಕಿ ಮೊದಲ ಸಲ ನನ್ನ ಕಡೆ ನೋಡಿ ಕೈಯೆತ್ತಿದ. ಕೆಳಗೆ ಬಾಗಿದ್ದ ನನ್ನ ತಲೆ ಆಗ ಮೇಲೆದ್ದಿತು.

ಈಗ ನೀರಿಗೆ. ಕಟ್ಟೆಯಿಂದ ಹಾರಬೇಡಿ, ಕೈ ಹಿಡಿದು ಇಳಿಯಿರಿ. ಬಿರಡೆ ಹಾಕಿದೆಯಾ? ನಾನು ಬಗ್ಗಿ ಮುಟ್ಟಿ ನೋಡುತ್ತೇನೆ, ಹಾಕಿದೆ. ಅಂಗಳದ ಒಡತಿ ಚುಕ್ಕಾಣಿಯಲ್ಲಿ, ಗಿರಾಕಿ ಪಕ್ಕದಲ್ಲಿ, ಸರ್ವೇಯರ್ ಎಂಜಿನ್ನಿನ ಮೇಲೆ, ನಾವಿಬ್ಬರು ಹಿಂದಿನ ಸೀಟಿನಲ್ಲಿ ಸರಕಿನ ಹಾಗೆ. ಕ್ಲಿಂಟನ್ ನದಿಯಲ್ಲಿ ಅಲೆ ಏಳಿಸುವಂತಿಲ್ಲ. ಎರಡು ದಡದ ಮನೆಗಳ ಅಂಗಳದಲ್ಲಿ ಕಾಫಿ ಕುಡಿಯುತ್ತ ಕೂತವರಿಗೆ ಕೈಬೀಸುತ್ತ ನಡಿಗೆಯ ವೇಗದಲ್ಲಿ ಸಾಗುತ್ತೇವೆ. ದಾರಿ ತೋರಿಸುವ ಕೊನೆಯ ತೇಲುಗುರುತು ದಾಟಿದ ಮೇಲೆ ಎದುರಿನ ದಡ ಇಲ್ಲವಾಗುತ್ತದೆ. ಬರೀ ನೀರು, ಬರೀ ಬೆಳಕು. ಆಚೆಗಿರುವುದು ಕೆನಡಾ. 1679ರ ಆಗಸ್ಟ್ 12ರಂದು, ಸಂತ ಕ್ಲೇರಳ ಹಬ್ಬದ ದಿನ, ಲಾ ಸಾಲ್ ಎಂಬ ಫ್ರೆಂಚ್ ಸಾಹಸಿ ‘ಗ್ರಿಫಾನ್’ ಹಡಗಿನಲ್ಲಿ ಇಲ್ಲಿಗೆ ಬಂದು ಈ ಸರೋವರಕ್ಕೆ ಹೆಸರಿಟ್ಟ. ಅದೇ ವರ್ಷ ಮರುಪಯಣದಲ್ಲಿ ಆ ಹಡಗು ಎಲ್ಲಿಯೋ ಕಾಣೆಯಾಯಿತು. ಇಷ್ಟು ವಿಶಾಲ ಕಂಡರೂ ಇದರ ಸರಾಸರಿ ಆಳ 11 ಅಡಿ ಮಾತ್ರ, ಎರಡಾಳು ಉದ್ದ. ದೊಡ್ಡ ಹಡಗುಗಳಿಗೆಂದು ನಡುವೆ ಹೂಳೆತ್ತಿ ಕಾಲುವೆ ಮಾಡಿದ್ದಾರೆ. ನೋಡಿ, ಅಲ್ಲಿ ಒಂದು ಹೋಗುತ್ತಿದೆ, ಅದುರು ಹೊತ್ತ ಹಡಗು. ಹೊಲದ ನಡುವೆ ರೈಲು ಹೋದ ಹಾಗೆ ಕಾಣುತ್ತದೆ.

“ಪೂರ್ತಿ ಕೊಡಿ,” ಎನ್ನುತ್ತಾನೆ ಸರ್ವೇಯರ್.

ಆಕೆ ಹಿಡಿಯನ್ನು ಮುಂದಕ್ಕೆ ತಳ್ಳುತ್ತಾಳೆ. ಮೊದಲು ಮೂತಿ ಆಕಾಶಕ್ಕೆದ್ದು ಮುಂದಿನದೇನೂ ಕಾಣದಾಗುತ್ತದೆ, ಬೆನ್ನು ಸೀಟಿಗೆ ಅಂಟುತ್ತದೆ. ಆಮೇಲೆ ಯಾರೋ ತಲೆ ನೇವರಿಸಿದ ಹಾಗೆ ಮೂತಿ ಮೆಲ್ಲಗೆ ಕೆಳಗಿಳಿದು, ದೋಣಿ ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೆಯೇ ಓಡತೊಡಗುತ್ತದೆ. ಅಡಿಯಲ್ಲಿ ಪುಟ್ಟ ಅಲೆಗಳು ಪಟಪಟ ಹೊಡೆಯುತ್ತವೆ. ಸುತ್ತಿನ ಮುಳ್ಳು 4,600ಕ್ಕೆ ಹೋಗಿ ನಿಲ್ಲುತ್ತದೆ. ಬಿಸಿಯ ಮುಳ್ಳು 160 ಡಿಗ್ರಿ ಫ್ಯಾರನ್‌ಹೀಟ್ ಬಿಟ್ಟು ಅಲುಗುವುದಿಲ್ಲ. ಸರ್ವೇಯರ್ ಮುಚ್ಚಳಕ್ಕೆ ಅಂಗೈ ಒತ್ತಿ ಕಣ್ಣು ಮುಚ್ಚಿ ನಿಂತಿದ್ದಾನೆ, ನಾಡಿ ನೋಡುವ ವೈದ್ಯರ ಹಾಗೆ. ಈ ಓಟದಲ್ಲಿ ನನ್ನ ಎಡಗೈ ತನ್ನಷ್ಟಕ್ಕೆ ಸೀಟಿನ ಅಂಚು ಹಿಡಿದಿದೆ. ಮಗಳು ಸಣ್ಣವಳಿದ್ದಾಗ ಅವಳ ಲೈಫ್‌ಜಾಕೆಟ್ಟಿನ ಪಟ್ಟಿಯನ್ನು ಹಿಡಿದು ಕೂರುತ್ತಿದ್ದ ಜಾಗ ಅದು.

ವಾಪಸು ಬರುವಾಗ ಯಾರೂ ಹೆಚ್ಚು ಮಾತಾಡಲಿಲ್ಲ. ಎಣ್ಣೆಯ ವರದಿ ಬಂದ ಮೇಲೆ, ಜುಲೈ ಕೊನೆಯ ವಾರದ ಶುಕ್ರವಾರ, ಮತ್ತೆ ಅದೇ ಮೇಜು. ಟೈಟಲ್‌ನ ಬೆನ್ನಿಗೆ ಆತನ ಹೆಸರು, ಬೆಲೆ, ತಾರೀಖು ತುಂಬಿಯಾದ ಮೇಲೆ ಸಹಿ ಹಾಕಿದೆ. ಮಾರಿದ್ದು 15,000. ಕಮಿಷನ್ 1,500, ಪಾಲಿಶ್ ಮತ್ತು ಬ್ಯಾಟರಿ 480. ನನಗೆ 13,020. ಆತ ಕೇಳಿದ್ದು ಒಂದೇ: ಆ ಅಕ್ಷರಗಳನ್ನು ತೆಗೆದುಕೊಡುತ್ತೀರಾ? ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದು, ಉಗುರಿನಿಂದ ಅಂಚು ಎಬ್ಬಿಸಿ, ಒಂದೊಂದೇ ಬಿಡಿಸಿದೆ. ಬಿಸಿಲು ಕಾಣದ ಕಡೆ ನೀಲಿ ಇನ್ನೂ ಗಾಢವಾಗಿತ್ತು. ಅಂಟು ಹೋದರೂ ಹೆಸರು ಅಲ್ಲೇ ಇತ್ತು, ಓದಬಲ್ಲವರಿಗೆ.

ಆತನ ಟ್ರಕ್ಕಿಗೆ ಕೊಕ್ಕೆ ಹಾಕಿಯಾಯಿತು. ಟ್ರೇಲರಿನ ದೀಪ ನೋಡಿದೆವು, ಸರಪಳಿ ಅಡ್ಡಡ್ಡ ಬಿಗಿದೆವು. ನಾನು ಕಾಗದದ ಹಾಳೆಯೊಂದನ್ನು ಕೊಟ್ಟೆ, ಹಿಂದಿನ ರಾತ್ರಿ ಕೂತು ಬರೆದದ್ದು. ಆತ ಅದನ್ನು ನಿಧಾನ ಓದಿ, ಮಡಚಿ, ಅಂಗಿಯ ಜೇಬಿಗೆ ಇಟ್ಟುಕೊಂಡ. ಐ-75 ಹೆದ್ದಾರಿ ಈ ರಾಜ್ಯದ ಉತ್ತರದ ತುದಿಯಿಂದ ಫ್ಲೋರಿಡಾದವರೆಗೂ ಒಂದೇ ಸಮ ಹೋಗುತ್ತದೆ. ನಡುವೆ ದಾರಿ ಬದಲಿಸುವ ಕೆಲಸವೇ ಇಲ್ಲ. ಟ್ರಕ್ಕು ಗೇಟು ದಾಟುವಾಗ ದೋಣಿ ಒಮ್ಮೆ ಕುಲುಕಿತು, ಅಷ್ಟೇ.

ಹಣ ನಾಲ್ಕನೇ ದಿನ ಖಾತೆಗೆ ಬಂತು. ಆ ರಾತ್ರಿ ಒಂಬತ್ತಕ್ಕೆ ಗಂಗೊಳ್ಳಿಗೆ ಫೋನು ಮಾಡಿದೆ. ಅಲ್ಲಿ ಬೆಳಗ್ಗೆ ಆರೂವರೆ. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿಯುತ್ತ ಬಂದಿತ್ತು. ಅಣ್ಣ ಆಗಸ್ಟ್ 1ಕ್ಕೆ ಬೋಟು ಇಳಿಸುವ ತಯಾರಿಯಲ್ಲಿದ್ದ, ಹಿಂದೆ ಯಾರೋ ಬಲೆ ಎಳೆದು ಹಾಕುವ ಸದ್ದು, ಮಳೆಯ ಸದ್ದು.

“ಅಣ್ಣ, ಬೋಟ್ ಹೋಯ್ತ್.”

“ದುಡ್ಡ್ ಬಂತಾ?”

“ಬಂತ್.”

“ಯಾವ ಕೆರಿಗ್ ಹೋಯ್ತ್?”

“ಕೆರಿಗಲ್ಲ. ಫ್ಲೋರಿಡಾ. ಸಮುದ್ರಕ್ಕೆ.”

ಆಚೆಯಿಂದ ಸ್ವಲ್ಪ ಹೊತ್ತು ಮಳೆ ಮಾತ್ರ ಕೇಳಿಸಿತು.

“ಹೋಯ್ ಬಂದ್ ಕೂಡ್ಲೆ ಎಂಜಿನ್ನಿಗ್ ಸಿಹಿನೀರ್ ಬಿಟ್ ತೊಳೂಕೆ ಹೇಳಿದ್ಯಾ?”

“ಹೇಳಿದ್ದೆ. ಬರ್ದೂ ಕೊಟ್ಟಿದ್ದೆ.”